ತಿಥಿಯ ದಿನ ಕುಡಿದ ನೀರು

ನನ್ನ ಯಜಮಾನರಿಗೆ ಮುಂಬಯಿಯ ಮುತಾರಿಗಳೆಲ್ಲ ಬಾಯಿಪಾಠವಾಗಿದ್ದವು ಎಂಬುದು ನನಗೆ ತಡವಾಗಿ ತಿಳಿಯಿತು. ಮುತಾರಿ ಎಂದರೆ ಗಂಡಸರು ಮೂತ್ರಕ್ಕೆ ಹೋಗುವ ಜಾಗ. ಮರಾಠಿ ಮಾತು, ನಮ್ಮ ಬಾಯಿಗೂ ಅದೇ ಹತ್ತಿತ್ತು. ಜೋಗೇಶ್ವರಿಯಿಂದ ಎಲ್ಫಿನ್‌ಸ್ಟನ್ ರೋಡ್‌ವರೆಗೆ ಯಾವ ಸ್ಟೇಷನ್ನಿನಲ್ಲಿ ಅದು ಪ್ಲಾಟ್‌ಫಾರಂನ ಯಾವ ತುದಿಗಿದೆ, ಯಾವುದಕ್ಕೆ ಬೀಗ ಬಿದ್ದಿರುತ್ತದೆ, ಎಲ್ಲಿ ಹಿಂದೆ ನಿಂತವರು ಬೇಗ ಮುಗಿಸು ಎಂದು ಕೂಗುತ್ತಾರೆ, ಯಾವ ಉಡುಪಿ ಹೋಟೆಲಿನಲ್ಲಿ ಒಂದು ಚಹಾ ಕುಡಿದರೆ ಹಿಂಬಾಗಿಲಿನ ಕಡೆ ಹೋಗಲು ಬಿಡುತ್ತಾರೆ, ಎಲ್ಲವೂ ಅವರಿಗೆ ಗೊತ್ತಿತ್ತು. ಅವರು ಪರೇಲಿನ ಒಂದು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಯಂತ್ರಗಳ ನಕ್ಷೆ ಬರೆಯುವ ಕೆಲಸ. ಈ ಇನ್ನೊಂದು ನಕ್ಷೆಯ ಸುದ್ದಿಯನ್ನು ಮಾತ್ರ ಮನೆಯಲ್ಲಿ ಎಂದೂ ಎತ್ತಿರಲಿಲ್ಲ.

ನಾನು ಆಗ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್. ಎಂಬತ್ತರ ದಶಕದ ಕೊನೆಯ ವರ್ಷಗಳು. ಒಂದು ಸಂಜೆ ಟೀಚರುಗಳ ಮೀಟಿಂಗ್ ಮುಗಿಸಿಕೊಂಡು ಬಾಂದ್ರಾ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತಿದ್ದೆ. ಚರ್ಚ್‌ಗೇಟ್ ಕಡೆಯಿಂದ ಬಂದ ಸ್ಲೋ ಗಾಡಿ ನಿಲ್ಲುವ ಮೊದಲೇ ಒಬ್ಬರು ಇಳಿದರು. ಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದು, ಓಡಲೂ ಆಗದೆ ನಡೆಯಲೂ ಆಗದೆ, ಪ್ಲಾಟ್‌ಫಾರಂನ ತುದಿಗೆ ಹೋದರು. ಆ ಚೀಲಕ್ಕೆ ಹಿಡಿ ಹೊಲಿದವಳು ನಾನು. ಕೂಗಬೇಕೆಂದು ಬಾಯಿ ತೆರೆದೆ, ಏಕೋ ಕೂಗಲಿಲ್ಲ. ಅವರು ಬಂದ ಗಾಡಿ ಹೊರಟುಹೋಯಿತು. ಇನ್ನೊಂದು ಬಂತು, ಹೋಯಿತು. ಅವರ ಜೊತೆ ಒಳಗೆ ಹೋದವರೆಲ್ಲ ಹೊರಗೆ ಬಂದರು. ಇವರು ಬರಲಿಲ್ಲ. ಕೊನೆಗೆ ಬಂದಾಗ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಭಾರವಾದದ್ದೇನನ್ನೋ ಎತ್ತಲು ಹೋಗಿ ಆಗದೆ ಬಿಟ್ಟುಬಂದವರ ಮುಖ.

ಅವರು ಹತ್ತಿದ ಗಾಡಿಗೇ ನಾನೂ ಲೇಡೀಸ್ ಡಬ್ಬಿಯಲ್ಲಿ ಹತ್ತಿದೆ. ಮನೆಗೆ ಅವರು ಮೊದಲು ಮುಟ್ಟಿದ್ದರು.

"ಯಾಕ್ರೀ ಲೇಟು?" ಎಂದೆ.

"ಗಾಡಿ ಲೇಟು ಕಣೇ. ವೆಸ್ಟರ್ನ್ ರೈಲ್ವೆ ಹಣೇಬರಹ."

"ನಾನೂ ಅದೇ ಗಾಡೀಲಿ ಬಂದೆ. ಬಾಂದ್ರಾದಿಂದ."

ಅವರು ಶರಟಿನ ಗುಂಡಿ ಬಿಚ್ಚುತ್ತಿದ್ದ ಕೈ ಹಾಗೇ ನಿಲ್ಲಿಸಿದರು. ಆಮೇಲೆ ನಕ್ಕರು. "ಹಾಗಾದ್ರೆ ಇನ್ನು ನಿಂಗೆ ಸುಳ್ಳು ಹೇಳೋ ಕಷ್ಟ ತಪ್ಪಿತು."

"ಎಷ್ಟು ದಿನದಿಂದ?"

"ದಿನ ಅಲ್ಲ ಕಣೇ. ವರ್ಷ."

ನಾವಿದ್ದದ್ದು ಜೋಗೇಶ್ವರಿ ಪೂರ್ವದ ಚಾಳಿನಲ್ಲಿ, ಎರಡು ಕೋಣೆ. ಸಂಡಾಸು ಗ್ಯಾಲರಿಯ ಕೊನೆಗೆ, ಇಡೀ ಮಹಡಿಗೆ ಸೇರಿದ್ದು. ರಾತ್ರಿ ಅವರು ಮತ್ತೆ ಮತ್ತೆ ಎದ್ದುಹೋಗುತ್ತಾರೆಂದು ನನಗೆ ಗೊತ್ತಿತ್ತು, ಸೆಕೆಗೆ ಎಂದುಕೊಂಡಿದ್ದೆ. ಅವರು ಊಟದ ಹೊತ್ತಿನಲ್ಲಿ ನೀರು ಬಿಟ್ಟಿದ್ದೂ ಗೊತ್ತಿತ್ತು, ಹೊಟ್ಟೆ ಸರಿಯಿಲ್ಲವೆಂದುಕೊಂಡಿದ್ದೆ. ಆ ಸಂಜೆ ಅವರು ಬಿಡಿಸಿ ಹೇಳಿದರು. ಆಫೀಸಿನಲ್ಲಿ ಬೋರ್ಡಿನ ಮುಂದಿನಿಂದ ಎದ್ದರೆ ಪಕ್ಕದವನು "ಪಂಪ್ ಚಾಲೂ" ಎನ್ನುತ್ತಿದ್ದನಂತೆ. ಇವರೂ ಜೊತೆಗೆ ನಗುತ್ತಿದ್ದರಂತೆ.

ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಎಂದು ನಾನು ಕೇಳಲಿಲ್ಲ. ಕಾರಣ ನನಗೆ ಗೊತ್ತಿತ್ತು. ನನ್ನ ಮಾವನವರಿಗೆ ಇದೇ ಕಾಯಿಲೆ ಇತ್ತು. ಮೈಸೂರಿನಲ್ಲಿ, ಆ ಕಾಲದ ರೀತಿಯಲ್ಲಿ, ಹೊಟ್ಟೆ ಕೊಯ್ದು ಆಪರೇಷನ್ ಮಾಡಿದ್ದರು. ಆಸ್ಪತ್ರೆಗೆ ನಡೆದುಹೋದವರು ನಡೆದು ವಾಪಸು ಬರಲಿಲ್ಲ. ಆ ಹಾಸಿಗೆಯ ಪಕ್ಕದಲ್ಲಿ ಕಡೆಯವರೆಗೆ ಇದ್ದವರು ಇವರ ಅಕ್ಕ. ಅವರೂ ಈಗ ಮುಂಬಯಿಯಲ್ಲೇ, ಸಾಂತಾಕ್ರೂಜ್‌ನಲ್ಲಿ ಮಗನ ಮನೆಯಲ್ಲಿದ್ದರು.

ಪರೇಲಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಹುಬ್ಬಳ್ಳಿ ಕಡೆಯ ಡಾಕ್ಟರೊಬ್ಬರು ಈ ಕಾಯಿಲೆಯನ್ನು ನೋಡುತ್ತಾರೆಂದು ಕೇಳಿ ಅಲ್ಲಿಗೆ ಹೋದೆವು. ಇವರ ಹೆಸರು ಕರೆದಾಗ ನಾನೂ ಎದ್ದೆ. ಬಾಗಿಲ ಹತ್ತಿರ ನಿಂತ ವಾರ್ಡ್‌ಬಾಯ್ ಕೈ ಅಡ್ಡ ಹಿಡಿದ. "ಓ ಬಾಯಿ, ಜೆಂಟ್ಸ್ ಓನ್ಲಿ." ಸಾಲಿನಲ್ಲಿದ್ದ ಗಂಡಸರೆಲ್ಲ ನೆಲ ನೋಡಿದರು. ಆ ಸಾಲಿನಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ನಾನು ಅವನ ಕೈಯ ಕೆಳಗೆ ಬಗ್ಗಿ ಒಳಗೆ ಹೋದೆ.

ಡಾಕ್ಟರು ತಲೆಯೆತ್ತಿದರು. "ಬಾಯಾರ, ನೀವು ಹೊರಗ ಕೂಡ್ರಿ. ಗಂಡಸರ ಜಡ್ಡು ಐತಿದು."

"ಜಡ್ಡು ಅವರದು. ಬದುಕು ಇಬ್ಬರದು, ಡಾಕ್ಟ್ರೇ."

ಅವರು ಇವರ ಮುಖ ನೋಡಿದರು. ಇವರು, "ಅವಳು ಮೇಷ್ಟ್ರು. ಹೊರಗೆ ಕಳಿಸೋಕೆ ನನ್ನ ಕೈಲಾಗಲ್ಲ," ಎಂದರು. ಡಾಕ್ಟರು ನಕ್ಕು ಕುರ್ಚಿ ತೋರಿಸಿದರು. ಪರದೆಯ ಹಿಂದೆ ಪರೀಕ್ಷೆ ಮಾಡುವಾಗ ನಾನು ಗೋಡೆ ನೋಡುತ್ತ ಕೂತಿದ್ದೆ.

ಆಪರೇಷನ್ ಮಾತು ಬಂತು. ಈಗ ಹೊಟ್ಟೆ ಕೊಯ್ಯುವುದಿಲ್ಲ, ಮೂತ್ರದ ದಾರಿಯಿಂದಲೇ ನಳಿಗೆ ಹಾಕಿ ಮಾಡುತ್ತೇವೆ ಎಂದರು. ಇವರು ಬೇಡವೆಂದರು. ಒಂದೇ ಮಾತು, ದನಿ ಏರಿಸಲಿಲ್ಲ. ಡಾಕ್ಟರು ಒತ್ತಾಯ ಮಾಡಲಿಲ್ಲ. "ಸದ್ಯಕ್ಕ ಆಪರೇಷನ್ ಬೇಕೇ ಬೇಕು ಅನ್ನೂ ಹಂಗಿಲ್ಲ ನಿಮಗ. ಒಂದು ಮಾತ್ರಿ ಐತಿ. ಅದು ಬಿ.ಪಿ. ಸಲುವಾಗಿ ಬಂದಿದ್ದು. ಆದ್ರ ಮೂತ್ರದ ಚೀಲದ ಕೆಳಗ ಪ್ರಾಸ್ಟೇಟ್ ಗಡ್ಡಿ ಬೆಳದೈತಲ್ಲ, ಅದರ ಸುತ್ತಿನ ಬಿಗಿ ಸಡಲ ಮಾಡತೈತಿ. ಗಡ್ಡಿ ಕರಗಂಗಿಲ್ಲ, ಬಿಗಿ ಸಡಲತೈತಿ. ತಿಳೀತ್ರಿ?"

"ಎಷ್ಟು ದಿನ ತಗೋಬೇಕು?" ಎಂದು ನಾನು ಕೇಳಿದೆ.

"ನಿಲ್ಲಿಸಿದ್ರ ಮತ್ತ ಬಿಗಿ ಆಕ್ಕೈತ್ರಿ. ಹಂಗಾಗಿ ತಗೊಂತ ಇರಬೇಕು."

"ಅಂದ್ರೆ ಸಾಯೋವರೆಗೆ. ಅಷ್ಟು ವರ್ಷ ತಗೊಂಡ್ರೆ ಏನಾಗತ್ತೆ?"

ಆ ಮೇಜಿನ ಆಚೆ ಕೂತವರು ಏನೂ ಆಗುವುದಿಲ್ಲ ಎನ್ನಬಹುದಿತ್ತು. ಬೇರೆಯವರಾಗಿದ್ದರೆ ಹಾಗೇ ಹೇಳಿ ಮುಂದಿನವರನ್ನು ಕರೆಯುತ್ತಿದ್ದರೋ ಏನೋ. ಈ ಡಾಕ್ಟರು ಪೆನ್ನಿನ ಟೋಪಿ ಹಾಕಿ ಪಕ್ಕಕ್ಕಿಟ್ಟರು.

"ಬಿ.ಪಿ.ಗೆ ಭಾಳ ಮಂದಿ ವರ್ಷಾನುಗಟ್ಟಲೆ ತಗೊಂಡಾರ. ಅವರಿಗೆ ಏನಾಗತೈತಿ ಅನ್ನೂದು ಬಲ್ಲೆವಿ. ಈ ಜಡ್ಡಿಗೆ ಕೊಡಾಕ ಹತ್ತಿ ಭಾಳ ದಿನ ಆಗಿಲ್ಲ. ಇಪ್ಪತ್ತು ವರ್ಷ ತಗೊಂಡವರನ್ನ ನಾ ಇನ್ನೂ ಕಂಡಿಲ್ರಿ. ಕಂಡೀನಿ ಅಂದ್ರ ಸುಳ್ಳ ಆಕ್ಕೈತಿ. ತಲಿ ತಿರಗಬಹುದು, ಅದೂ ಶುರುವಿಗೆ, ದಿಢೀರ್ ಅಂತ ಎದ್ದ ನಿಂತಾಗ. ಅದಕ್ಕ ಅರ್ಧ ಮಾತ್ರಿ, ಮಲಗೂ ಮುಂದ, ಅಲ್ಲಿಂದ ಶುರು ಮಾಡೂಣು. ಬಿ.ಪಿ. ನೋಡಿಸ್ಕೊಂತ ಇರ್ರಿ. ವರ್ಷಕ್ಕೊಮ್ಮೆ ಕಿಡ್ನಿ ಪರೀಕ್ಷಾ ಮಾಡಿಸ್ರಿ. ಮೂತ್ರ ಪೂರಾ ನಿಂತ್ರ ಮಾತ್ರ ಮನ್ಯಾಗ ಕೂಡಬ್ಯಾಡ್ರಿ, ನೆಟ್ಟಗ ಇಲ್ಲೇ ಬರ್ರಿ."

ನಾನು ಇವರ ಕಡೆ ನೋಡಿದೆ. ಇವರು ಡಾಕ್ಟರನ್ನೇ ನೋಡುತ್ತಿದ್ದರು. "ಇಪ್ಪತ್ತು ವರ್ಷ ತಗೊಂಡವನನ್ನ ಕಂಡಿಲ್ಲ ಅಂದ್ರಲ್ಲ, ಬರ್ಕೊಳ್ಳಿ ನನ್ನ," ಎಂದರು.

ಅರ್ಧ ಮಾತ್ರೆ ಒಂದಾಯಿತು. ಆಮೇಲೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಮೊದಲ ದಿನಗಳಲ್ಲಿ ಹಾಸಿಗೆಯಿಂದ ಏಳುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದರು, ಮೂಗು ಕಟ್ಟಿದಂತಾಗುತ್ತದೆ ಎನ್ನುತ್ತಿದ್ದರು. ಕ್ರಮೇಣ ಅದು ಕಡಿಮೆಯಾಯಿತು. ಒಂದು ಸಂಜೆ ನಾನು ಸ್ಟವ್‌ಗೆ ಸೀಮೆಎಣ್ಣೆ ಹಾಕುತ್ತಿದ್ದಾಗ ಬಂದು ಬಾಗಿಲಲ್ಲೇ ನಿಂತರು, ಚಪ್ಪಲಿ ಬಿಚ್ಚಲಿಲ್ಲ.

"ಏನ್ರೀ?"

"ಇವತ್ತು ಬಾಂದ್ರಾದಲ್ಲಿ ಇಳೀಲಿಲ್ಲ ಕಣೇ."

ಅವರು ಅದನ್ನು ಹೇಳಿದ ರೀತಿಗೆ ನನ್ನ ಕೈಯಲ್ಲಿದ್ದ ಎಣ್ಣೆ ಹೊರಗೆ ಚೆಲ್ಲಿತು. ಆ ರಾತ್ರಿ ಊಟಕ್ಕೆ ಕೂತಾಗ ಲೋಟವನ್ನು ಮುಂದೆ ಚಾಚಿದರು. ನೀರು ಕೇಳಿದರು.

ಅಕ್ಕನಿಗೆ ವಿಷಯ ತಿಳಿದದ್ದು ಆಮೇಲೆ, ಮನೆಗೆ ಬಂದಾಗ ಕಿಟಕಿಯ ಮೇಲಿದ್ದ ಮಾತ್ರೆಯ ಪಟ್ಟಿ ಕಂಡು. ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು.

"ಏನೋ ಇದು? ದಿನಾ ನುಂಗ್ತೀಯಾ?"

"ದಿನಾ ಅಕ್ಕ."

"ಎಷ್ಟು ದಿನ?"

"ಇರೋವಷ್ಟು ದಿನ."

"ಇಂಗ್ಲಿಷ್ ಮಾತ್ರೆ ವರ್ಷಗಟ್ಟಲೆ ನುಂಗಿದ್ರೆ ಒಳಗೆ ಏನು ಉಳಿಯತ್ತೋ? ಕಿಡ್ನಿ ತಿಂದುಹಾಕತ್ತೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂತ ಹೊಂದ್ಕೊಂಡು ಹೋಗಬೇಕಪ್ಪ. ಬಾರ್ಲಿ ನೀರು ಕುಡಿ." ನನ್ನ ಕಡೆ ತಿರುಗಿದರು. "ನೀನಾದ್ರೂ ಓದಿದೋಳು. ಡಾಕ್ಟರನ್ನ ಕೇಳಲಿಲ್ವೇನಮ್ಮ?"

"ಕೇಳಿದೆ ಅಕ್ಕ. ಗೊತ್ತಿಲ್ಲ ಅಂದ್ರು."

"ಗೊತ್ತಿಲ್ಲ ಅಂದ್ರು, ನೀನು ಕೊಟ್ಟೆ!"

ನನ್ನಲ್ಲಿದ್ದ ಉತ್ತರ ಇಷ್ಟೇ: ಇವರು ಬಾಂದ್ರಾದಲ್ಲಿ ಇಳಿಯುತ್ತಿರಲಿಲ್ಲ.

ಮಾವನವರ ತಿಥಿ ಮಾಘ ಮಾಸದಲ್ಲಿ ಬರುತ್ತಿತ್ತು. ಒಬ್ಬನೇ ಮಗನಾದ್ದರಿಂದ ಪ್ರತಿ ವರ್ಷ ನಮ್ಮ ಎರಡು ಕೋಣೆಯಲ್ಲೇ ಆಗುತ್ತಿತ್ತು. ಹಿಂದಿನ ದಿನ ಒಪ್ಪೊತ್ತು. ಆ ದಿನ ಶ್ರಾದ್ಧ ಮುಗಿದು, ಕಾಗೆಗೆ ಪಿಂಡ ಇಟ್ಟು, ಬಂದ ಬ್ರಾಹ್ಮಣರ ಊಟವಾಗುವವರೆಗೆ ಮಾಡುವವರು ಬಾಯಿಗೆ ಏನೂ ಹಾಕುವಂತಿಲ್ಲ. ನಮ್ಮ ಮನೆಯಲ್ಲಿ ನೀರೂ ಇಲ್ಲ. ಮಡಿಯಲ್ಲಿರಬೇಕು, ಒದ್ದೆ ಹಿಂಡಿ ಒಣಗಿಸಿದ ಪಂಚೆ, ಯಾರನ್ನೂ ಸೋಕುವಂತಿಲ್ಲ. ನಡುವೆ ಮೂತ್ರಕ್ಕೆ ಎದ್ದರೆ ಮಡಿ ಹೋಯಿತು. ಊರಿನಲ್ಲಾದರೆ ಹಿತ್ತಿಲಿನಲ್ಲಿ ಬಾವಿ. ಚಾಳಿನಲ್ಲಿ ಗ್ಯಾಲರಿಯುದ್ದಕ್ಕೂ ಬಕೆಟ್ಟು, ಒಣಹಾಕಿದ ಬಟ್ಟೆ, ಆಡುವ ಮಕ್ಕಳು, ಬೊಂಬಿಲ್ ಮೀನು ಹರವಿದ ಮೊರ. ಅಷ್ಟನ್ನು ದಾಟಿ ಹೋಗಿ, ಅಷ್ಟನ್ನು ದಾಟಿ ವಾಪಸು ಬಂದು, ಮತ್ತೆ ಸ್ನಾನ ಮಾಡಬೇಕು. ಬಚ್ಚಲಿಗೆ ನಲ್ಲಿ ನೀರು ಬೆಳಿಗ್ಗೆ ಬಂದರೆ ಬಂತು.

ಮಾತ್ರೆ ಶುರುವಾದ ಮೇಲಿನ ಎರಡನೆಯ ತಿಥಿ ಅದು. ನಾನು ಕಂಡದ್ದು ಹೀಗೆ. ಹಿಂದಿನ ದಿನ ಮಧ್ಯಾಹ್ನದಿಂದಲೇ ಇವರು ನೀರು ಮುಟ್ಟಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಬಂದಾಗ ತುಟಿ ಬಿಳಿಚಿತ್ತು. ನಾನು ಒಳಗೆ ಮಡಿಯಲ್ಲಿ ಅಡಿಗೆ ಮಾಡುತ್ತಿದ್ದೆ, ಅಕ್ಕ ವಡೆಗೆ ರುಬ್ಬಿದ ಹಿಟ್ಟು ತಟ್ಟುತ್ತಿದ್ದರು. ನಮ್ಮ ಕಡೆಯ ಪುರೋಹಿತರು ಸಿಗದೆ, ಉಡುಪಿ ಕಡೆಯ ಒಬ್ಬರನ್ನು ಕರೆಯುತ್ತಿದ್ದೆವು. ಅವರು ಬೇಗಬೇಗ ಮಂತ್ರ ಹೇಳುವವರಲ್ಲ. ಇವರು ಮಣೆಯ ಮೇಲೆ ಕೂತು ಹೊತ್ತಾಗಿತ್ತು. ಕೋಣೆಯ ತುಂಬ ಹೊಗೆ. ಒಂದು ಸಲವೂ ಏಳಲಿಲ್ಲ. ಅದರಿಂದ ನನಗೆ ಆಶ್ಚರ್ಯವಾಯಿತು, ಸಮಾಧಾನವೂ ಆಯಿತು.

ಪಿಂಡದ ಎಲೆಯನ್ನು ಕೈಗೆ ಕೊಟ್ಟು ಪುರೋಹಿತರು, "ಹ್ಞಾ, ಇನ್ನು ಕಾಗೆಗೆ ಇಟ್ಟು ಬನ್ನಿ," ಎಂದರು. ಇವರು ಎದ್ದರು. ನೇರವಾಗಿ, ಒಂದೇ ಸಲಕ್ಕೆ. ಗ್ಯಾಲರಿಯ ಕಡೆ ಹೆಜ್ಜೆ ಹಾಕಿದರು. ಬಾಗಿಲ ಚೌಕಟ್ಟಿನ ಹತ್ತಿರ ಕೈ ಮುಂದೆ ಚಾಚಿದ್ದು ಕಂಡಿತು, ಕತ್ತಲಲ್ಲಿ ಗೋಡೆ ಹುಡುಕುವವರಂತೆ. ನಡು ಮಧ್ಯಾಹ್ನದ ಬೆಳಕಿತ್ತು. ಆಮೇಲೆ ಮೊಳಕಾಲು ಮಡಚಿಕೊಂಡಿತು. ಹಣೆ ಹೊಸ್ತಿಲಿಗೆ ಬಡಿಯಿತು. ಆ ಶಬ್ದ ನನಗೆ ಈಗಲೂ ಬೇಕಿಲ್ಲದ ಹೊತ್ತಿನಲ್ಲಿ ಕೇಳಿಸುತ್ತದೆ. ತೆಂಗಿನಕಾಯಿ ಒಡೆದಂತೆ ಎಂದು ಬರೆದರೆ ಸುಳ್ಳು. ಮಂದವಾದ ಶಬ್ದ, ಹಿಟ್ಟಿನ ಚೀಲ ಕೆಳಗೆ ಬಿದ್ದಂತೆ.

ಪಿಂಡ ಉರುಳಿ ಗ್ಯಾಲರಿಗೆ ಹೋಯಿತು. ಬೆರಳಿನಲ್ಲಿ ದರ್ಭೆಯ ಉಂಗುರ ಹಾಗೇ ಇತ್ತು. ಅಂಗೈಯ ಎಳ್ಳು, ಹುಬ್ಬಿನಿಂದ ಇಳಿದ ರಕ್ತ, ಎರಡೂ ಕೆನ್ನೆಗೆ ಅಂಟಿಕೊಂಡಿದ್ದವು. ಪಕ್ಕದ ಕೋಣೆಯ ಮರಾಠಿ ಹೆಂಗಸು ಓಡಿಬಂದರು. "ಮುಟ್ಟಬೇಡಿ, ಮಡಿ!" ಎಂದು ಅಕ್ಕ ಕೂಗಿದರು. ಆ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ, ಬಂದಿದ್ದರೂ ಕೇಳುತ್ತಿರಲಿಲ್ಲ. ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ನಾನು ತಂಬಿಗೆಯಿಂದ ನೀರು ಹಿಡಿದೆ. ಇವರ ಕಣ್ಣು ತೆರೆದಿತ್ತು. ತುಟಿ ಬಿಗಿಹಿಡಿದು ಬೇಡವೆಂದು ತಲೆ ಅಲ್ಲಾಡಿಸಿದರು. ಪ್ರಜ್ಞೆ ಬಂದ ಮರುಕ್ಷಣ ಅವರಿಗೆ ನೆನಪಾದದ್ದು ಅದು. ನಾನು ಗಲ್ಲ ಹಿಡಿದು ಕುಡಿಸಿದೆ.

"ಅಯ್ಯೋ, ನೀರು ಕುಡಿಸಿದ್ರಾ ಅಮ್ಮ?" ಪುರೋಹಿತರ ದನಿ ಹಿಂದಿನಿಂದ ಬಂತು. "ಇನ್ನು ಸ್ವಲ್ಪ ಇತ್ತು ಮಾರಾಯ್ರೆ. ಇನ್ನು ಇದನ್ನು ಆಯಿತು ಅಂತ ಹೇಳುದಾ, ಇಲ್ಲ ಅಂತ ಹೇಳುದಾ?"

ನಾನು ಸೆರಗಿನಿಂದ ಹುಬ್ಬಿನ ರಕ್ತ ಒತ್ತಿ ಹಿಡಿದೆ. ಹೊಲಿಗೆ ಹಾಕಿಸಿಕೊಂಡು ಬಂದು ಮಲಗಿದ ಮೇಲೆ ಇವರೇ ಹೇಳಿದರು. ಮಧ್ಯದಲ್ಲಿ ಏಳುವಂತಾಗಬಾರದೆಂದು ಬೆಳಿಗ್ಗೆ ಒಂದರ ಬದಲು ಎರಡು ಮಾತ್ರೆ ತೆಗೆದುಕೊಂಡಿದ್ದರು. ನೀರಿಲ್ಲದೆ, ಒಣಬಾಯಿಗೆ. "ಔಷಧಿ ಆಹಾರ ಅಲ್ವಲ್ಲ," ಎಂದರು. ಎಷ್ಟು ಯೋಚನೆ ಮಾಡಿ ಮಾಡಿದ್ದರೋ.

ಅಕ್ಕ ಕೇಳಿಸಿಕೊಂಡರು. ಕಿಟಕಿಯ ಮೇಲಿದ್ದ ಪಟ್ಟಿಗಳನ್ನೆಲ್ಲ ಬಾಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. "ಅಪ್ಪನ್ನ ಡಾಕ್ಟರುಗಳು ತಗೊಂಡ್ರು. ನಿನ್ನ ಕೊಡಲ್ಲ," ಎಂದರು. ನಾನು ಚೀಲಕ್ಕೆ ಕೈ ಹಾಕಲು ಹೋದೆ. ಇವರು ನನ್ನ ಕೈ ಹಿಡಿದು, "ಬಿಡೇ, ಒಯ್ಯಲಿ," ಎಂದರು. ಅವರೂ ಹೆದರಿದ್ದರು. ಆ ಹೊಸ್ತಿಲನ್ನು ನೋಡುತ್ತಲೇ ಇದ್ದರು.

ಮುಂದಿನ ವಾರಗಳಲ್ಲಿ ಬಾರ್ಲಿ ನೀರು ಬಂತು. ಸಾಂತಾಕ್ರೂಜ್‌ನಿಂದ ಯಾವುದೋ ಕಷಾಯ ಬಂತು. ನೋಡಲು ಬಂದ ನೆಂಟರು ಬಾಗಿಲಲ್ಲಿ ನಿಂತು ಹೊಸ್ತಿಲು ನೋಡಿ ತಲೆ ಅಲ್ಲಾಡಿಸಿದರು. ಪ್ರತಿಯೊಬ್ಬರಿಗೂ ಮಾತ್ರೆ ತಿಂದು ಕೆಟ್ಟ ಒಬ್ಬ ಪರಿಚಯದವರಿದ್ದರು. ಇವರ ಸಂಜೆಯ ಗಾಡಿ ಮತ್ತೆ ಲೇಟಾಗತೊಡಗಿತು. ಊಟಕ್ಕೆ ಕೂತಾಗ ಲೋಟವನ್ನು ಮತ್ತೆ ಕವುಚಿ ಇಡತೊಡಗಿದರು. ಈಗ ನನಗೆ ಎಲ್ಲ ಗೊತ್ತಿತ್ತು, ಅದರಿಂದ ನೋಡುವುದು ಮೊದಲಿಗಿಂತ ಕಷ್ಟವಾಯಿತು. ಒಂದು ಬೆಳಿಗ್ಗೆ ಆಫೀಸಿಗೆಂದು ಹೊರಟವರು ಅಂಧೇರಿಯಲ್ಲೇ ಇಳಿದು ವಾಪಸು ಬಂದರು. ಪ್ಯಾಂಟಿನ ಮುಂದೆ ಚೀಲ ಹಿಡಿದಿದ್ದರು. ನನ್ನ ಮುಖ ನೋಡದೆ ಬಚ್ಚಲಿಗೆ ಹೋದರು. ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿದೆ. ನಾನು ಶಾಲೆಗೆ ರಜೆ ಹಾಕಿದೆ.

"ಹೊರಡಿ. ಪರೇಲಿಗೆ."

"ಅಕ್ಕ—"

"ಅಕ್ಕನ್ನೂ ಕರ್ಕೊಂಡು ಹೋಗೋಣ. ಸಾಂತಾಕ್ರೂಜ್‌ನಲ್ಲಿ ಇಳಿದು."

ಅಕ್ಕ ಬರುವುದಿಲ್ಲ ಎಂದರು. ಆಮೇಲೆ, ಆ ಡಾಕ್ಟರಿಗೆ ಎರಡು ಮಾತು ಕೇಳಬೇಕು ಎಂದು ಸೆರಗು ಹೊದ್ದುಕೊಂಡು ಬಂದರು. ಚೀಲದಲ್ಲಿ ಆ ಪಟ್ಟಿಗಳು ಇನ್ನೂ ಇದ್ದವು. ಬಾಗಿಲ ಹತ್ತಿರ ಅದೇ ವಾರ್ಡ್‌ಬಾಯ್. ಈ ಸಲ ಇಬ್ಬರು ಹೆಂಗಸರನ್ನು ನೋಡಿ ಕೈ ಎತ್ತಲೂ ಇಲ್ಲ.

ಅಕ್ಕ ಕೂತುಕೊಳ್ಳಲಿಲ್ಲ. ಪಟ್ಟಿಗಳನ್ನು ಮೇಜಿನ ಮೇಲೆ ಹಾಕಿದರು. "ಇದರಿಂದ ನನ್ನ ತಮ್ಮ ಬಿದ್ದ. ನೀವು ಕೊಟ್ಟಿದ್ದು."

ಡಾಕ್ಟರು ಇವರ ಹುಬ್ಬಿನ ಗಾಯ ನೋಡಿದರು. ಎಲ್ಲವನ್ನೂ ಕೇಳಿದರು. ತಿಥಿಯಲ್ಲಿ ಏನೇನು ಮಾಡಿದರು, ಎಷ್ಟು ಹೊತ್ತು ಕೂತಿದ್ದರು, ಯಾವಾಗಿನಿಂದ ನೀರಿಲ್ಲ, ಮಾತ್ರೆ ಎಷ್ಟು ಹೊತ್ತಿಗೆ. ಕೊನೆಗೆ ಕನ್ನಡಕ ತೆಗೆದರು.

"ಮಾತ್ರಿಯಿಂದನ ಬಿದ್ದಾರ ತಾಯಿ, ಇಲ್ಲ ಅನ್ನಂಗಿಲ್ಲ. ಆದ್ರ ಮಾತ್ರಿ ಒಂದ ಅಲ್ಲ. ಒಂದರ ಜಾಗಾದಾಗ ಎರಡು. ಹೊಟ್ಟಿ ಖಾಲಿ. ಮೈಯಾಗ ನೀರ ಇಲ್ಲ. ಅಷ್ಟ ಹೊತ್ತು ನೆಲದ ಮ್ಯಾಲ ಕೂತು ದಿಢೀರ್ ಎದ್ದ ನಿಂತ್ರು. ನಾ ಹರೇದಾಂವ, ಹಂಗ ಮಾಡಿದ್ರ ನಾನೂ ಬೀಳತಿದ್ದೆ. ಏನ್ರೀ ಸಾಹೇಬ್ರ, ಎರಡು ತಗೋರಿ ಅಂತ ಯಾರು ಹೇಳಿದ್ರು?"

"ನಮ್ಮಪ್ಪ," ಎಂದರು ಇವರು.

"ಮುಂದೆ?" ಎಂದರು ಅಕ್ಕ. "ಹತ್ತು ವರ್ಷ ನುಂಗಿದ ಮೇಲೆ ಇವನಿಗೆ ಏನೂ ಆಗಲ್ಲ ಅಂತ ಬರ್ದು ಕೊಡ್ತೀರಾ?"

"ಕೊಡಂಗಿಲ್ರಿ. ಆಪರೇಷನ್ ಮಾಡಿದ್ರೂ ಬರದು ಕೊಡಂಗಿಲ್ಲ. ಏನೂ ಮಾಡದ ಬಿಟ್ರ ಏನಾಗತೈತಿ ಅನ್ನೂದನ್ನ ಬೇಕಾದ್ರ ಬರದು ಕೊಡತೇನಿ. ನೀರು ಬಿಡತಾರ. ಸೋಂಕು ಆಕ್ಕೈತಿ. ಒಂದಿನ ಪೂರಾ ಕಟ್ಟತೈತಿ. ಅದನ್ನ ನೀವು ಮನ್ಯಾಗ ಕಂಡೀರಿ ಅನಸತೈತಿ ನನಗ."

ಅಕ್ಕ ಆಗ ಕೂತರು. ಕುರ್ಚಿಯ ತುದಿಯಲ್ಲಿ.

ಇವರು ಮೇಜಿನ ಮೇಲಿನಿಂದ ಒಂದು ಪಟ್ಟಿ ಎತ್ತಿಕೊಂಡರು. ಅಕ್ಕನಿಗೇ ಹೇಳಿದರು, ಡಾಕ್ಟರಿಗಲ್ಲ. "ನೋಡಕ್ಕ. ಮುಂದೆ ಏನಾಗತ್ತೆ ಅಂತ ಇವರಿಗೆ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಇವತ್ತು ಅಂಧೇರೀಲಿ ಏನಾಯ್ತು ಅಂತ ನಂಗೊಬ್ಬನಿಗೆ ಗೊತ್ತು. ಗೊತ್ತಿಲ್ದೆ ಇರೋದಕ್ಕೆ ಹೆದರಿ ಗೊತ್ತಿರೋ ನರಕದಲ್ಲಿ ಇರು ಅನ್ಬೇಡ. ನಾನಿರಲ್ಲ."

ಅವರು ಅಕ್ಕನ ಮುಂದೆ ಹಾಗೆ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ವಾರಗಟ್ಟಲೆ ಬಿಟ್ಟದ್ದರಿಂದ ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದ ಶುರು ಮಾಡಬಾರದು, ಮತ್ತೆ ಮೊದಲಿನಂತೆ ಅರ್ಧದಿಂದ, ಮಲಗುವ ಮುನ್ನ ಎಂದು ಡಾಕ್ಟರು ಒತ್ತಿ ಹೇಳಿದರು. ಯಾವ ಕಾರಣಕ್ಕೂ ಮನಸ್ಸಿಗೆ ಬಂದಂತೆ ಹೆಚ್ಚು ಮಾಡುವುದು, ಬಿಡುವುದು ಬೇಡ. ಏಳುವಾಗ ಮೊದಲು ಕೂತು, ಆಮೇಲೆ ನಿಂತು, ಆಮೇಲೆ ಹೆಜ್ಜೆ. "ಮತ್ತ ಉಪವಾಸ, ನಿರ್ಜಲ, ಅದೆಲ್ಲ ಬಂದ್," ಎಂದರು.

"ತಿಥಿ?" ಎಂದರು ಅಕ್ಕ.

"ತಿಥಿ ಮಾಡ್ರಿ. ನೀರ ಕುಡದ ಮಾಡ್ರಿ."

ವರ್ಷ ತಿರುಗಿತು. ಮಾಘ ಬಂತು. ಬೆಳಿಗ್ಗೆ ಇವರು ತಮ್ಮ ಪಾಲಿನ ಒಂದೇ ಮಾತ್ರೆಯನ್ನು ನೀರಿನೊಂದಿಗೆ ನುಂಗಿದರು. ಪುರೋಹಿತರು ಬರುವ ಮೊದಲೇ ನಾನು ಇವರ ಮಣೆಯ ಬಲಗಡೆ ತಂಬಿಗೆ ನೀರು, ಮುಚ್ಚಿದ ಲೋಟ ಇಟ್ಟೆ. ಅರ್ಘ್ಯದ ಪಾತ್ರೆಗಳ ಸಾಲಿನಲ್ಲಿ ಅದು ಎದ್ದು ಕಾಣುತ್ತಿತ್ತು. ಕಾಣಲಿ ಎಂದೇ ಇಟ್ಟಿದ್ದೆ.

ಪುರೋಹಿತರು ಬಂದು ಕೂತು ನೋಡಿದರು. "ಇದೆಂತದು?"

"ಕುಡಿಯೋಕೆ," ಎಂದರು ಇವರು.

"ಕರ್ತೃ ಮಧ್ಯದಲ್ಲಿ ನೀರು ಕುಡಿಲಿಕ್ಕೆ ಉಂಟಾ ಮಾರಾಯ್ರೆ?"

"ಹೋದ ವರ್ಷ ಕುಡೀದೆ ಮಾಡಿದ್ದು ನೋಡಿದ್ರಲ್ಲ ಭಟ್ಟರೇ. ಪಿಂಡ ಉರುಳಿ ಹೋಯ್ತು. ಈ ಸಲ ಕುಡಿದು ಮಾಡ್ತೀನಿ. ಮಧ್ಯೆ ಎದ್ದೂ ಹೋಗ್ತೀನಿ. ಬಂದು ಕೈಕಾಲು ತೊಳೆದು ಆಚಮನ ಮಾಡಿ ಕೂತ್ಕೋತೀನಿ. ಆಗತ್ತಾ, ಇಲ್ವಾ?"

"ಪಿತೃಗಳು ಒಪ್ಪಬೇಕಲ್ಲ."

"ನಮ್ಮಪ್ಪನಿಗೂ ಇದೇ ಕಾಯಿಲೆ ಇತ್ತು. ಅವರಿಗೆ ಗೊತ್ತಾಗತ್ತೆ. ನಿಮಗೆ ಗೊತ್ತಾಗದಿದ್ರೆ ಪರವಾಗಿಲ್ಲ."

ಪುರೋಹಿತರು ಒಳಗೆ ಅಕ್ಕನ ಕಡೆ ನೋಡಿದರು, ದೊಡ್ಡವರು ಏನಾದರೂ ಹೇಳುತ್ತಾರೆಂದು. ಅಕ್ಕ ವಡೆ ತಟ್ಟುತ್ತಿದ್ದರು. ತಲೆ ಎತ್ತಲಿಲ್ಲ. ಪುರೋಹಿತರು ಗಂಟಲು ಸರಿಮಾಡಿಕೊಂಡು ಸಂಕಲ್ಪ ಶುರುಮಾಡಿದರು.

ಎಣ್ಣೆಯ ಸದ್ದಿನ ನಡುವೆ ಅಕ್ಕ ನನಗೆ ಮಾತ್ರ ಕೇಳುವಂತೆ ಹೇಳಿದರು. "ಕುಡಿದ್ರೆ ಕಟ್ಟತ್ತೆ ಅಂತ ಅಪ್ಪಂಗೆ ನೀರು ಕೊಡ್ತಿರಲಿಲ್ಲ ಕಣಮ್ಮ, ಆಪರೇಷನ್‌ಗೆ ಮುಂಚೆ, ಮನೇಲಿ. ನಾವೇ. ಯಾರೂ ಹೇಳಿರಲಿಲ್ಲ. ಬಾಯಿ ಚಪ್ಪರಿಸ್ತಿದ್ದ." ಅಷ್ಟು ಹೇಳಿ ಬಾಣಲೆಯಲ್ಲಿದ್ದ ವಡೆ ತಿರುಗಿಸಿದರು.

ಮಂತ್ರದ ನಡುವೆ ಇವರು ಲೋಟ ಎತ್ತಿ ನೀರು ಕುಡಿದರು. ಪುರೋಹಿತರು ಕಣ್ಣು ಮುಚ್ಚಿಕೊಂಡು ಮಂತ್ರ ಮುಂದುವರಿಸಿದರು. ಸ್ವಲ್ಪ ಹೊತ್ತಾದ ಮೇಲೆ ಇವರು ಕೈ ತೋರಿಸಿ ನಿಲ್ಲಿಸಿದರು. ಮೊಳಕಾಲ ಮೇಲೆ ಕೂತು, ಗೋಡೆ ಹಿಡಿದು, ನಿಂತು, ಆಮೇಲೆ ನಡೆದರು. ಬರಿಮೈ, ಮಡಿ ಪಂಚೆ, ಬೆರಳಿನ ದರ್ಭೆ ತೆಗೆದು ಎಲೆಯ ಮೇಲಿಟ್ಟು, ಗ್ಯಾಲರಿಯ ಉದ್ದಕ್ಕೂ, ಬಕೆಟ್ಟುಗಳ ನಡುವೆ, ಎಲ್ಲರ ಎದುರಿಗೆ. ಯಾರನ್ನೂ ಸೋಕದಿರಲು ಪಕ್ಕಕ್ಕೆ ಸರಿಯಲಿಲ್ಲ. ಹೋಗುವಾಗ ಪಕ್ಕದ ಮರಾಠಿ ಹೆಂಗಸು, "ಕಾಯ್ ಕಾಕಾ, ಬರೆ ಆಹಾತ್ ನಾ?" ಎಂದು ಕೇಳಿದರು, ಚೆನ್ನಾಗಿದ್ದೀರಾ ಎಂದು. ಇವರು ನಿಂತು ಉತ್ತರ ಹೇಳಿಯೇ ಮುಂದೆ ಹೋದರು. ಬಾಂದ್ರಾದಲ್ಲಿ ಚೀಲ ಒತ್ತಿ ಹಿಡಿದು ತಲೆ ತಗ್ಗಿಸಿ ಹೋದ ಮನುಷ್ಯನ ನಡಿಗೆ ಅದಾಗಿರಲಿಲ್ಲ. ವಾಪಸು ಬಂದು ಕೈಕಾಲು ತೊಳೆದು, ಆಚಮನ ಮಾಡಿ, ದರ್ಭೆ ಹಾಕಿಕೊಂಡು, "ಹ್ಞೂಂ, ಎಲ್ಲಿಗೆ ನಿಂತಿತ್ತು?" ಎಂದರು.

ಇನ್ನೊಮ್ಮೆಯೂ ಎದ್ದರು. ಅವರು ಬರುವಷ್ಟರಲ್ಲಿ ಖಾಲಿ ಲೋಟ ತುಂಬಿತ್ತು. ನಾನು ತುಂಬಿರಲಿಲ್ಲ. ಲೋಟದ ಮೇಲೆ ವಡೆಹಿಟ್ಟಿನ ಬೆರಳಿನ ಗುರುತಿತ್ತು.

ಪಿಂಡದ ಎಲೆ ಕೈಗೆ ಬಂತು. ಕೂತಲ್ಲಿಂದ ನಿಂತದ್ದು ನಿಧಾನ. ಹೊಸ್ತಿಲು ದಾಟಿ ಗ್ಯಾಲರಿಯ ಕಟ್ಟೆಯ ಮೇಲೆ ಎಲೆ ಇಟ್ಟು, ಕೈ ತಟ್ಟಿ ಕರೆದರು. ಕಾಗೆ ಬರಲಿಲ್ಲ. ಎದುರಿನ ಕಾರ್ಖಾನೆಯ ತಗಡಿನ ಮೇಲೆ ಒಂದು ಕೂತಿತ್ತು, ಅದು ಇತ್ತ ತಿರುಗಲೂ ಇಲ್ಲ. ಪುರೋಹಿತರು ಒಳಗಿನಿಂದ, "ಬನ್ನಿ ಬನ್ನಿ, ಬಂದು ಕೂತುಕೊಳ್ಳಿ. ಬಿಸಿಲು. ಮತ್ತೆ ತಲೆ ತಿರುಗೀತು," ಎಂದರು. ಆ ದನಿಯಲ್ಲಿ ನೀರು ಕುಡಿದವರಿಗೆ ಕಾಗೆ ಬರುವುದುಂಟೇ ಎಂಬುದೂ ಇತ್ತು.

"ನಿಂತಿರ್ತೀನಿ," ಎಂದರು ಇವರು. "ಅದಕ್ಕೆ ಬೇಕಾದಾಗ ಬರಲಿ."

ಅಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಆಕಾಶ ನೋಡಿದರು. ಪುರೋಹಿತರು ತಗಡು ನೋಡಿದರು. ನಾನು ಕಾಗೆಯ ಕಡೆ ನೋಡಲಿಲ್ಲ. ಇವರ ಮೊಳಕಾಲುಗಳನ್ನು ನೋಡುತ್ತಿದ್ದೆ. ಬಿಸಿಲಿನಲ್ಲಿ, ಕಟ್ಟೆಯನ್ನು ಹಿಡಿಯದೆ, ಅವು ನೆಟ್ಟಗೆ ನಿಂತಿದ್ದವು.